ಸಿಡುಬಿನ ಲಸಿಕೆ

ವ್ಯಾರಿಯೋಲಾ ವೈರಾಣುವಿನಿಂದ ಬರುತ್ತಿದ್ದ ಸಿಡುಬು ಅಥವಾ ಮೈಲಿ ಬೇನೆಯನ್ನು ತಡೆಯಲು ಬಳಕೆಗೆ ಬಂದ ಲಸಿಕೆ, ಲಸಿಕೆಗಳಲ್ಲೆಲ್ಲ ಮೊದಲನೆಯದು. ಈ ರೋಗ ತಗುಲಿದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದರು. ಉಳಿದವರ ಮುಖದ ತುಂಬ ಕುಳಿಕಲೆ; ಎಷ್ಟೋ ಮಂದಿಯ ಕಣ್ಣೇ ಹೋಗುತ್ತಿತ್ತು.

ಒಮ್ಮೆ ಸಿಡುಬೆದ್ದು ಬದುಕಿದವರಿಗೆ ಅದು ಮತ್ತೆ ಬರುವುದಿಲ್ಲವೆಂದು ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಭಾರತ, ಚೀನಾ, ತುರ್ಕಿಗಳಲ್ಲಿ ರೋಗಿಯ ಬೊಕ್ಕೆಯ ಕೀವನ್ನು ಚರ್ಮ ಗೀರಿ ಸೇರಿಸುವ, ಒಣಗಿದ ಹಕ್ಕಳೆಯನ್ನು ಪುಡಿಮಾಡಿ ಮೂಗಿಗೆ ಊದುವ ಪದ್ಧತಿಗಳಿದ್ದವು. ರೋಗ ಸಾಮಾನ್ಯವಾಗಿ ಹಗುರಾಗಿ ಬಂದು ಹೋಗುತ್ತಿತ್ತು. ಆದರೂ ಕೊಟ್ಟದ್ದು ನಿಜವಾದ ಸಿಡುಬನ್ನೇ; ಕೆಲವರು ಸಾಯುತ್ತಿದ್ದರು, ಅವರಿಂದ ಬೇರೆಯವರಿಗೂ ಹರಡುತ್ತಿತ್ತು.

ಹಸುವಿನ ಸಿಡುಬು ತಗುಲಿದ ಗೌಳಿಗರಿಗೆ ಮೈಲಿ ಬರುವುದಿಲ್ಲವೆಂಬ ಮಾತು ಇಂಗ್ಲೆಂಡಿನ ಹಳ್ಳಿಗಳಲ್ಲಿತ್ತು. ಬೆಂಜಮಿನ್ ಜೆಸ್ಟಿ ಎಂಬ ರೈತ 1774ರಲ್ಲೇ ಅದನ್ನು ನಂಬಿ ತನ್ನ ಹೆಂಡತಿ ಮಕ್ಕಳಿಗೆ ಹಸುವಿನ ಸಿಡುಬು ಹಾಕಿದ್ದ. ವೈದ್ಯ ಎಡ್ವರ್ಡ್ ಜೆನ್ನರ್ ಆ ಮಾತನ್ನು ಪರೀಕ್ಷೆಗೆ ಒಡ್ಡಿದ. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಗೌಳಗಿತ್ತಿಯ ಕೈಮೇಲಿನ ಬೊಕ್ಕೆಯಿಂದ ರಸ ತೆಗೆದು 8 ವರ್ಷದ ಜೇಮ್ಸ್ ಫಿಪ್ಸ್‌ನ ತೋಳಿಗೆ ಸೇರಿಸಿದ. ಜುಲೈನಲ್ಲಿ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವು ಹಾಕಿದಾಗ ರೋಗ ಬರಲಿಲ್ಲ. ಇಂದು ಯಾವ ವೈದ್ಯನೂ ಮಾಡಬಾರದ ಪ್ರಯೋಗವಿದು. ಜೆನ್ನರನನ್ನು ನೆನೆಯುವವರು ಆ ಮಗುವನ್ನೂ ನೆನೆಯಬೇಕು.

ಲಸಿಕೆ ಏಕೆ ಫಲಿಸಿತೆಂಬುದು ಜೆನ್ನರನಿಗೂ ತಿಳಿದಿರಲಿಲ್ಲ. ಎರಡು ವೈರಾಣುಗಳೂ ಒಂದೇ ಕುಲದವು; ಅವುಗಳ ಮೇಲ್ಮೈಯ ಎಷ್ಟೋ ಪ್ರೋಟೀನುಗಳು ಬಹುಮಟ್ಟಿಗೆ ಒಂದೇ ಬಗೆ. ಸೌಮ್ಯವಾದ ವೈರಾಣು ಒಳಹೊಕ್ಕಾಗ ಬಿ ಜೀವಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ, ಟಿ ಜೀವಕೋಶಗಳು ಸೋಂಕಿತ ಕೋಶಗಳನ್ನು ಕೊಲ್ಲುತ್ತವೆ. ಕೆಲಸ ಮುಗಿದ ಮೇಲೂ ಕೆಲವು ಸ್ಮೃತಿಕೋಶಗಳು ಉಳಿಯುತ್ತವೆ. ಮುಂದೆ ಸಿಡುಬು ಬಂದರೆ ಅವು ಬೇಗ ಎಚ್ಚೆತ್ತು, ರೋಗ ಬಲಿಯುವ ಮೊದಲೇ ಅದನ್ನು ಅಡಗಿಸುತ್ತವೆ. ಈ ರಕ್ಷಣೆ ವರ್ಷ ಕಳೆದಂತೆ ಕುಗ್ಗುವುದರಿಂದ ಮರುಲಸಿಕೆ ಬೇಕಾಯಿತು. ಸೋಂಕು ತಗುಲಿ ಮೂರ್ನಾಲ್ಕು ದಿನದೊಳಗೆ ಲಸಿಕೆ ಹಾಕಿದರೂ ರೋಗ ತಪ್ಪುವ ಸಾಧ್ಯತೆಯಿತ್ತು.

ತಂಪು ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಲಸಿಕೆ ತೋಳಿನಿಂದ ತೋಳಿಗೆ ಸಾಗುತ್ತಿತ್ತು. ಬಾಗ್ದಾದ್, ಬಸ್ರಾಗಳ ಮೂಲಕ ಮುಂಬಯಿ ಮುಟ್ಟಿ, 1802ರ ಜೂನ್ 14ರಂದು ಮೂರು ವರ್ಷದ ಅನ್ನಾ ಡಸ್ಟ್‌ಹಾಲ್‌ಗೆ ತಗುಲಿತು. ಭಾರತದಲ್ಲಿ ಲಸಿಕೆ ಪಡೆದವರಲ್ಲಿ ಆಕೆಯೇ ಮೊದಲಿಗಳು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಮೂವರು ರಾಜಮನೆತನದ ಸ್ತ್ರೀಯರಿದ್ದಾರೆ. ಬಲಗಡೆಯ ತರುಣಿ ಸೆರಗು ಸರಿಸಿ ಮೇಲ್ತೋಳನ್ನು ತೋರುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಹಸುವಿನಿಂದ ಬಂದ ಮದ್ದಿಗೆ ಜನ ಅಂಜುತ್ತಿದ್ದ ದಿನಗಳಲ್ಲಿ ಅರಮನೆಯೇ ತೋಳು ತೋರಿದ್ದು ದೊಡ್ಡ ಮಾತು.

ಬಿಸಿಲಿಗೂ ಬೇಗ ಕೆಡದ ಒಣ ಲಸಿಕೆ, ಎರಡು ಮೊನೆಯ ಸೂಜಿ, ರೋಗಿಯನ್ನು ಪತ್ತೆಹಚ್ಚಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕುವ ಕ್ರಮ ಇವು ಇಪ್ಪತ್ತನೆಯ ಶತಮಾನದಲ್ಲಿ ಸಿಡುಬನ್ನು ಮುಗಿಸಿದವು. ಮನುಷ್ಯನನ್ನು ಬಿಟ್ಟು ಬೇರೆ ಪ್ರಾಣಿಯಲ್ಲಿ ಆ ವೈರಾಣು ನೆಲೆಸದಿದ್ದುದೂ ನೆರವಾಯಿತು. ಮನೆಮನೆ ಸುತ್ತಿದ ಲಸಿಕೆಗಾರರಿಗೆ ಸಲ್ಲಬೇಕಾದ ಕೀರ್ತಿ ಇನ್ನೂ ಸಂದಿಲ್ಲ. ಭಾರತದ ಕೊನೆಯ ಪ್ರಕರಣ 1975ರಲ್ಲಿ, ಜಗತ್ತಿನಲ್ಲಿ ಸಹಜವಾಗಿ ಹರಡಿದ ಕೊನೆಯದು 1977ರಲ್ಲಿ ಸೊಮಾಲಿಯಾದಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ನಿರ್ಮೂಲವಾಯಿತೆಂದು ಸಾರಿತು. ಇಂದು ಆ ವೈರಾಣುವನ್ನು ಅಧಿಕೃತವಾಗಿ ಇಟ್ಟಿರುವುದು ಅಮೆರಿಕ ಮತ್ತು ರಷ್ಯಾದ ಎರಡು ಪ್ರಯೋಗಾಲಯಗಳಲ್ಲಿ ಮಾತ್ರ.