ತಳಾವಲಿಯ ಸಂತ ಅನ್ನಮ್ಮನ ಇಗರ್ಜಿ

ಗೋವೆಯ ಪ್ರಾಚೀನ ಇಗರ್ಜಿಗಳೆಂದರೆ ನಮಗೆ ಒಡನೆಯೇ ನೆನಪಾಗುವುವು ಹಳೆಯ ಗೋವೆಯ ಮಹಾಮಂದಿರಗಳು. ಆದರೆ ಭಾರತೀಯ ಬರೋಕ್ ಶೈಲಿಯ ಅತ್ಯುತ್ತಮ ಕೃತಿಗಳಲ್ಲೊಂದೆಂದು ವಿದ್ವಾಂಸರು ಎಣಿಸುವ ಇಗರ್ಜಿಯೊಂದು ಆ ನಗರದಲ್ಲಿಲ್ಲ. ತಿಸವಾಡಿ ತಾಲ್ಲೂಕಿನ ತಳಾವಲಿ ಎಂಬ ಹಳ್ಳಿಯಲ್ಲಿದೆ. ಮೇರಿಯ ತಾಯಿಯಾದ ಸಂತ ಅನ್ನಮ್ಮನಿಗೆ ಮೀಸಲಾದ ಇದನ್ನು ಜನರು ಸಾಂತಾನ ಎಂದು ಕರೆಯುತ್ತಾರೆ. ನಗರದ ದೊಡ್ಡ ಕಟ್ಟಡಗಳಲ್ಲಿ ಕೆಲವು ಬಿದ್ದುಹೋದವು. ಹಳ್ಳಿಯ ಈ ಕಟ್ಟಡ ಉಳಿಯಿತು. ಏಕೆ ಉಳಿಯಿತು ಎಂಬುದು ಇತಿಹಾಸದ ವಿದ್ಯಾರ್ಥಿಗಳು ಆಲೋಚಿಸತಕ್ಕ ವಿಷಯ.

ಈ ಪ್ರದೇಶ ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಗೋವೆಯ ಕದಂಬರ ರಾಜಧಾನಿಯಾಗಿದ್ದ ಗೋಪಕಪಟ್ಟಣ ಜುವಾರಿ ನದಿಯ ದಡದಲ್ಲಿ, ತಳಾವಲಿಗೆ ಸಮೀಪದಲ್ಲಿಯೇ ಇದ್ದಿತು. ಮುಂದೆ ವಿಜಯನಗರದವರೂ ಬಹಮನಿಗಳೂ ಬಿಜಾಪುರದ ಆದಿಲಶಾಹಿಗಳೂ ಇಲ್ಲಿ ಆಳಿದರು. 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಬಿಜಾಪುರದವರಿಂದ ಗೆದ್ದುಕೊಂಡನು. 1540ರ ಸುಮಾರಿಗೆ ತಿಸವಾಡಿಯ ದೇವಾಲಯಗಳು ನೆಲಸಮವಾದುವು. ಅವುಗಳ ಭೂಮಿಯ ಉತ್ಪನ್ನ ಇಗರ್ಜಿಗಳ ಪಾಲಾಯಿತು. ಮುಂದಿನ ದಶಕಗಳಲ್ಲಿ ಹಲವು ಊರುಗಳ ಜನರು ತಮ್ಮ ದೇವರನ್ನು ಹೊತ್ತು ನದಿಯಾಚೆಯ ಫೋಂಡಾ ಸೀಮೆಗೆ ಹೋದರು. ಈ ನೋವನ್ನು ಮರೆತು ಇಲ್ಲಿಯ ಇಗರ್ಜಿಗಳ ಇತಿಹಾಸವನ್ನು ಬರೆಯುವುದು ಸಲ್ಲದು. ಆದರೆ ಇತಿಹಾಸ ಅಲ್ಲಿಗೇ ನಿಲ್ಲುವುದೂ ಇಲ್ಲ. ಊರಿನಲ್ಲಿ ಉಳಿದವರು ಹೊಸ ಮತವನ್ನು ಸ್ವೀಕರಿಸಿ, ನಾಲ್ಕೈದು ತಲೆಮಾರುಗಳಲ್ಲಿ ಅದನ್ನು ತಮ್ಮದಾಗಿಸಿಕೊಂಡರು. ತಳಾವಲಿಯ ಇಗರ್ಜಿ ಹುಟ್ಟಿದ್ದು ಆ ಕಾಲದಲ್ಲಿ.

ಈಗಿನ ಕಟ್ಟಡದ ಕೆಲಸ 1681ರಲ್ಲಿ ಫ್ರಾನ್ಸಿಸ್ಕೊ ದೊ ರೇಗೊ ಎಂಬ ಪಾದ್ರಿಗಳ ಮೇಲ್ವಿಚಾರಣೆಯಲ್ಲಿ ಆರಂಭವಾಗಿ, 1695ರಲ್ಲಿ ಆಂತೋನಿಯೊ ಫ್ರಾನ್ಸಿಸ್ಕೊ ದ ಕುನ್ಹಾ ಎಂಬ ಪಾದ್ರಿಗಳ ಕಾಲದಲ್ಲಿ ಪೂರ್ಣವಾಯಿತು. ಗೋವೆಯಲ್ಲಿಯೇ ಹುಟ್ಟಿದ ಪಾದ್ರಿಗಳು ತಲೆಯೆತ್ತಿ ನಿಂತ ಕಾಲವದು. ಯುರೋಪಿನ ಧರ್ಮಸಂಘಗಳು ಸ್ಥಳೀಯರನ್ನು ತಮ್ಮೊಳಗೆ ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದುದರಿಂದ, ಅವರು ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡರು. 1685ರಲ್ಲಿ ಅದನ್ನು ಸೇರಿ ಅದರ ನಾಯಕರಾದ ಜುಜೆ ವಾಜರನ್ನು 2015ರಲ್ಲಿ ಸಂತರೆಂದು ಘೋಷಿಸಲಾಯಿತು.

ಬರೋಕ್ ಎಂಬ ಮಾತು ಡೊಂಕುಮುತ್ತನ್ನು ಸೂಚಿಸುವ ಪೋರ್ತುಗೀಸ್ ಪದದಿಂದ ಬಂದುದೆಂದು ಬಹುಮಂದಿ ಹೇಳುತ್ತಾರೆ. 1600ರ ಸುಮಾರಿಗೆ ರೋಮಿನಲ್ಲಿ ಬೆಳೆದ ಈ ಶೈಲಿಯಲ್ಲಿ ಗೋಡೆ ಬರಿಯ ಗೋಡೆಯಾಗಿರುವುದಿಲ್ಲ. ಉಬ್ಬುತಗ್ಗುಗಳಿಂದ, ನೆರಳುಬೆಳಕಿನಿಂದ ನೋಡುವವನ ಮನಸ್ಸನ್ನು ಸೆಳೆಯುತ್ತದೆ. ತಳಾವಲಿಯ ಮುಂಭಿತ್ತಿಯಲ್ಲಿ ಐದು ಅಂತಸ್ತುಗಳಿದ್ದು, ಎರಡು ಪಕ್ಕಗಳಲ್ಲಿಯೂ ಗೋಪುರಗಳಿವೆ. ಅರೆಗಂಬಗಳೂ ಗೂಡುಗಳೂ ಕಿಟಕಿಗಳೂ ಸಾಲುಸಾಲಾಗಿ ಮೇಲೇರುತ್ತವೆ. ಒಳಗಿನ ಗೋಡೆಗಳು ಬಹಳ ದಪ್ಪವಾಗಿದ್ದು, ಅವುಗಳ ನಡುವೆ ಪೊಳ್ಳು ಬಿಟ್ಟು ದಾರಿಗಳನ್ನು ಮಾಡಿದ್ದಾರೆ. ಪಾಪನಿವೇದನೆಗೆ ಬರುವವರು ಇತರರ ಕಣ್ಣಿಗೆ ಬೀಳದೆ ಆ ದಾರಿಯಲ್ಲಿ ಹೋಗಬಹುದಾಗಿತ್ತೆಂದು ಹೇಳುತ್ತಾರೆ.

ರೂಪ ದೂರದಿಂದ ಬಂದುದಾದರೂ ಸಾಮಗ್ರಿಯೆಲ್ಲ ಊರಿನದೇ. ಕಲ್ಲು ನಮ್ಮ ಕರಾವಳಿಯವರೆಲ್ಲ ಬಲ್ಲ ಮುರಕಲ್ಲು. ನೆಲದಿಂದ ತೆಗೆಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಸೂಕ್ಷ್ಮವಾದ ಕೆತ್ತನೆ ಸಾಧ್ಯವಿಲ್ಲ. ಆದುದರಿಂದ ಅಲಂಕಾರವನ್ನೆಲ್ಲ ಗಾರೆಯಲ್ಲಿ ತೀಡಬೇಕು. ಕಲ್ಲು ರಂಧ್ರಮಯವಾದುದರಿಂದ ಮಳೆನೀರನ್ನು ಹೀರುತ್ತದೆ. ಅದಕ್ಕಾಗಿಯೇ ಗಾರೆಯ ಹೊದಿಕೆ, ಮತ್ತೆ ಮತ್ತೆ ಸುಣ್ಣ. ಗೋವೆಯ ಇಗರ್ಜಿಗಳ ಬಿಳುಪು ಅಂದಕ್ಕಾಗಿ ಮಾತ್ರವಲ್ಲ, ಅದು ಅವುಗಳ ಕೊಡೆ. ಹಳೆಯ ಗೋವೆಯ ಬೊಂ ಜೀಸಸ್ ಬಸಿಲಿಕದ ಗಾರೆಯನ್ನು, ಅದು ಹೆಚ್ಚು ಪುರಾತನವಾಗಿ ಕಾಣಲೆಂದು, 1950ರ ದಶಕದಲ್ಲಿ ಕಿತ್ತುಹಾಕಿದರು. ಅಲ್ಲಿಂದೀಚೆಗೆ ಅದರ ಬೆತ್ತಲೆಯ ಕಲ್ಲು ಮಳೆಗೆ ಸವೆಯುತ್ತಿದೆ.

ಈ ಐದು ಅಂತಸ್ತಿನ ಮುಂಭಿತ್ತಿಗೆ ಮೇಲ್ಪಂಕ್ತಿ ಹಳೆಯ ಗೋವೆಯ ಆಗಸ್ಟೀನ್ ಸಂನ್ಯಾಸಿಗಳ ಮಹಾ ಇಗರ್ಜಿಯೆಂದು ಶಿಲ್ಪಜ್ಞರ ಅಭಿಪ್ರಾಯ. 1602ರಲ್ಲಿ ಮುಗಿದ ಆ ಕಟ್ಟಡದ ಗತಿಯನ್ನು ನೋಡಿರಿ. 1835ರಲ್ಲಿ ಸರಕಾರವು ಧರ್ಮಸಂಘಗಳನ್ನು ರದ್ದುಗೊಳಿಸಲು ಸಂನ್ಯಾಸಿಗಳು ಹೊರಟುಹೋದರು. ಸಾಂಕ್ರಾಮಿಕ ರೋಗಗಳಿಂದ ನಗರವು ಅದಕ್ಕೆ ಮೊದಲೇ ಬರಿದಾಗಿದ್ದಿತು. ನೋಡುವವರಿಲ್ಲದೆ 1842ರಲ್ಲಿ ಕಮಾನುಛಾವಣಿ ಕುಸಿಯಿತು. 1931ರಲ್ಲಿ ಮುಂಭಿತ್ತಿ ಬಿದ್ದಿತು. ಇಂದು ಅಲ್ಲಿ ಉಳಿದಿರುವುದು ಸುಮಾರು 46 ಮೀಟರು ಎತ್ತರದ ಒಂದು ಒಡೆದ ಗೋಪುರ. ಆ ಮುಂಭಿತ್ತಿ ಹೇಗಿದ್ದಿರಬಹುದೆಂದು ತಿಳಿಯಬಯಸುವವರು ಇಂದು ಹಳ್ಳಿಯ ಈ ಇಗರ್ಜಿಯ ಮುಂದೆ ನಿಲ್ಲಬೇಕಾಗಿದೆ.

ಎರಡಕ್ಕೂ ಕಲ್ಲು ಒಂದೇ, ಗಾರೆ ಒಂದೇ, ಬಡಿಯುವ ಮಳೆಯೂ ಒಂದೇ. ಬೇರೆಯಾದುದು ಜನ. ಸಂನ್ಯಾಸಿಗಳ ಇಗರ್ಜಿಯು ದೊರೆಯ ಆಶ್ರಯದಲ್ಲಿ ನಿಂತಿದ್ದಿತು. ಆಶ್ರಯ ತಪ್ಪಿದೊಡನೆ ಅನಾಥವಾಯಿತು. ತಳಾವಲಿಯಲ್ಲಾದರೋ ಊರಿನವರಿಗೆ ಇಗರ್ಜಿ ಬೇಕಾಗಿತ್ತು. ಮದುವೆಗೆ, ಮರಣಕ್ಕೆ, ಹಬ್ಬಕ್ಕೆ ಅದೇ ಸ್ಥಳ. ಜುಲೈ ತಿಂಗಳ ಕೊನೆಗೆ ಇಲ್ಲಿ ನಡೆಯುವ ಸೌತೆಕಾಯಿಯ ಹಬ್ಬ ಇಂದಿಗೂ ಪ್ರಸಿದ್ಧ. ಮಕ್ಕಳನ್ನು ಬಯಸುವ ದಂಪತಿಗಳು ಮಳೆಗಾಲದ ಎಳೆಯ ಸೌತೆಕಾಯಿಯನ್ನು ಅನ್ನಮ್ಮನಿಗೆ ಒಪ್ಪಿಸುತ್ತಾರೆ. ನೆಲದ ಫಲವನ್ನು ತಾಯಿಗೆ ಕೊಟ್ಟು ಸಂತಾನವನ್ನು ಬೇಡುವ ಈ ಪದ್ಧತಿ ನಮ್ಮ ಯಾವ ಊರಿಗೂ ಹೊಸತಲ್ಲ.

ನದಿಯಾಚೆಗೆ ಹೋದವರ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಫೋಂಡಾ ಸೀಮೆಯಲ್ಲಿ 18ನೆಯ ಶತಮಾನದಿಂದೀಚೆಗೆ ಎದ್ದ ದೇವಾಲಯಗಳ ಗುಮ್ಮಟ, ಕಮಾನು, ಅರೆಗಂಬಗಳಲ್ಲಿ ಇಗರ್ಜಿಗಳ ಶೈಲಿಯ ಛಾಯೆ ಸ್ಪಷ್ಟವಾಗಿ ಕಾಣುತ್ತದೆ. ಮತ ಬೇರೆಯಾದರೂ ಕಟ್ಟಿದ ಕೈಗಳು ಕಲಿತ ವಿದ್ಯೆ ಹೊಳೆ ದಾಟಿ ಹೋಯಿತು.

ಉಪಾಧ್ಯಾಯರು ವಿದ್ಯಾರ್ಥಿಗಳೊಡನೆ ಹಳೆಯ ಗೋವೆಯನ್ನು ನೋಡಲು ಹೋದಾಗ ತಳಾವಲಿಗೂ ಹೋಗಿಬರುವುದು ಒಳ್ಳೆಯದು. ಕಟ್ಟಿಸಿದವರು ಯಾರೆಂದು ಕೇಳುವುದು ಇತಿಹಾಸದ ಮೊದಲ ಪ್ರಶ್ನೆ. ಕಟ್ಟಿದ ಮೇಲೆ ಮುನ್ನೂರು ಮಳೆಗಾಲ ಅದಕ್ಕೆ ಸುಣ್ಣ ಬಳಿದವರು ಯಾರೆಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಯನ್ನೂ ಕೇಳಲು ಮಕ್ಕಳು ಅಲ್ಲಿ ಕಲಿಯಬಹುದು.