ಮೋಡಿ ಅಕ್ಷರಕ್ಕೆ ನಂಬರು ಬಂತು

ನಮ್ಮ ಮುತ್ಯಾನ ಅಪ್ಪ ಹೆಬ್ಬೆಟ್ಟು ಒತ್ತಿದ ಒಂದು ಕಾಗದ ಮನೆಯ ಟ್ರಂಕಿನಾಗ ಐತಿ. ಹೆಬ್ಬೆಟ್ಟು ನಮ್ಮದು, ಅದರ ಮ್ಯಾಲಿನ ಅಕ್ಷರ ಕುಲಕರ್ಣಿಯದು. ಅದು ಕನ್ನಡವಲ್ಲ, ಮೋಡಿ. ನಮ್ಮ ಮಾತಿನಾಗ ಮೋಡಿ ಅಂದರ ಮಾಟ. ಹೆಸರು ಸರಿಯಾಗೇ ಐತಿ. ನಾನು ಬಿ.ಎ. ಪಾಸಾದ ದಿನ ಅವ್ವ ಆ ಕಾಗದ ತೆಗೆದು "ಓದಪಾ" ಅಂದಳು. ಓದಲಿಕ್ಕೆ ಆಗಲಿಲ್ಲ.

ಮೂಡಲಗಿ ಸೀಮೆ 1956ರವರೆಗೆ ಮುಂಬಯಿಗೆ ಸೇರಿತ್ತು. ಪೇಶ್ವೆಗಳ ದಫ್ತರದ ಈ ಲಿಪಿ ಬ್ರಿಟಿಷರು ಬಂದ ಮೇಲೂ ಊರ ಲೆಕ್ಕದಲ್ಲಿ ಉಳಿಯಿತು. ಮೊದಲು ಹಾಳೆಯ ಉದ್ದಕ್ಕೂ ತಲೆಗೆರೆ ಎಳೆದು, ಅದಕ್ಕೆ ಅಕ್ಷರ ಜೋತುಬಿಡುತ್ತ, ಲೇಖಣಿ ಎತ್ತದೆ ಬರೆಯುತ್ತ ಹೋಗುವುದು. ಹ್ರಸ್ವ-ದೀರ್ಘದ ಗೊಡವೆಯೂ ಕಡಿಮೆ. ಬರೆದವನಿಗೆ ಸಲೀಸು, ಓದುವವನಿಗೆ ತಿಣುಕಾಟ. ನಮ್ಮ ಕೇರಿಯವರ ವತನವೂ ಇಂಥ ದಫ್ತರಗಳಲ್ಲೇ ಸೇರಿಕೊಂಡಿತ್ತು. ಸರ್ಕಾರದ ಗಂಟು ಹೊರಬೇಕು, ಗಡಿ ತೋರಿಸಬೇಕು, ಸಾವಿನ ಸುದ್ದಿ ಮುಟ್ಟಿಸಬೇಕು; ಬದಲಿಗೆ ಒಂದು ತುಂಡು ಹೊಲ. 1874ರ ಕಾಯ್ದೆ ಈ ಚಾಕರಿಯನ್ನು ವಂಶಕ್ಕೇ ಗಂಟು ಹಾಕಿತ್ತು. ಅದನ್ನು ತಿದ್ದಲು 1928ರಲ್ಲಿ ಅಂಬೇಡ್ಕರ್ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ನಮ್ಮಲ್ಲಿ ಆ ಹುದ್ದೆಗಳು ರದ್ದಾಗಲು 1961ರ ಕಾಯ್ದೆಯೇ ಬರಬೇಕಾಯಿತು. ವತನದ ಹೊಲ ವತನದಾರನಿಗೇ ಮರುಮಂಜೂರು ಅಂತ ಅದರಲ್ಲಿತ್ತು. ಆದರೆ ಯಾರ ವತನ, ಎಷ್ಟು ಪಾಲು? ಹಳೇ ಕಾಗದ ಕೇಳಬೇಕು. ಕಾಗದ ಮೋಡಿಯಲ್ಲಿ!

2014ರ ಜೂನಿನಲ್ಲಿ ಯೂನಿಕೋಡ್ 7.0 ಬಂದಾಗ ಮೋಡಿಯ 79 ಚಿಹ್ನೆಗಳಿಗೆ ಒಂದೊಂದು ನಂಬರು ಸಿಕ್ಕಿತು. ಪ್ರಸ್ತಾವ ಬರೆದವರು ಅಂಶುಮಾನ್ ಪಾಂಡೆ. 'ಅ'ಕ್ಕೆ 11600. ನಂಬರಿನಿಂದ ಏನಾಗುತ್ತದೆ ಅಂತ ಕೇಳಬಹುದು. ಕಾಗದದ ಫೋಟೋ ತೆಗೆದಿಟ್ಟರೆ ಕಂಪ್ಯೂಟರಿಗೆ ಅದು ಬರೀ ಚಿತ್ರ, ಹಾಳುಗೋಡೆಯ ಫೋಟೋ ಇದ್ದ ಹಾಗೆ. ಅಕ್ಷರಕ್ಕೆ ನಂಬರಿದ್ದರೆ, ಬಲ್ಲವರು ಒಮ್ಮೆ ಓದಿ ಟೈಪು ಮಾಡಿಟ್ಟದ್ದರಲ್ಲಿ ಸಾವಿರ ಪುಟದೊಳಗಿಂದ ಒಂದು ಹೆಸರನ್ನು ಹೆಕ್ಕಬಹುದು. ಅದಕ್ಕೂ ಮೊದಲೇ, 2009ರಲ್ಲಿ, ಕಾಲು, ಅರೆ, ಮುಕ್ಕಾಲು, ಹದಿನಾರರಲ್ಲೊಂದು ಪಾಲು, ಇವುಗಳ ಹಳೇ ಗುರುತುಗಳಿಗೂ ನಂಬರು ಬಂದಿತ್ತು. ಹದಿನಾರರಲ್ಲೊಂದು ಅಂದರೆ ಒಂದಾಣೆ. ಹೊಲದ ಪಾಲು ಬರೆಯುತ್ತಿದ್ದದ್ದೇ ಆಣೆಲೆಕ್ಕದಲ್ಲಿ. ಹದಿನಾರಾಣೆ ಊರಿನಲ್ಲಿ ನಮ್ಮದು ಎಷ್ಟಾಣೆ ಅಂತ ಯಂತ್ರ ಹುಡುಕಿಕೊಟ್ಟೀತು. ಓದಿ ಒಳಗೆ ಹಾಕುವವರು ಯಾರು? ಕುಲಕರ್ಣಿಯ ಮೊಮ್ಮಗನನ್ನೇ ಮತ್ತೆ ಕರೆಯೋಣವೇ?

ಆಫ್ರಿಕದ ಸುಡಾನಿನಲ್ಲಿ ಹಿಂದೆ ಮೆರೊ ಎಂಬ ರಾಜ್ಯವಿತ್ತು. ಅದರ ಲಿಪಿಗೂ 2012ರಲ್ಲಿ ನಂಬರು ಸಿಕ್ಕಿದೆ. ಅದರ ಅಕ್ಷರಗಳ ಉಚ್ಚಾರವನ್ನು ಗ್ರಿಫಿತ್ ಎಂಬ ಪಂಡಿತ ನೂರು ವರ್ಷದ ಹಿಂದೆಯೇ ಬಿಡಿಸಿದ. ಆದರೆ ಆ ಭಾಷೆ ಆಡುವವರು ಉಳಿದಿಲ್ಲ, ಓದಿದರೂ ಅರ್ಥ ಪೂರಾ ಆಗುವುದಿಲ್ಲ. ನಮ್ಮದು ಅದರ ತಿರುವುಮುರುವು. ಆ ಕಾಗದದ ಮರಾಠಿಯನ್ನು ಯಾರಾದರೂ ಓದಿದರೆ ನಮ್ಮ ಗಡಿಯ ಜನಕ್ಕೆ ಅರ್ಧಕ್ಕರ್ಧ ತಿಳಿದೀತು. ಕಣ್ಣೆದುರು ಹಿಡಿದರೆ ಮಾತ್ರ ಏನೂ ಇಲ್ಲ.

ಈಗ ನಾನೇ ಮೋಡಿ ಕಲಿಯುತ್ತಿದ್ದೇನೆ. ಹಳೇ ಫೋನಿನಲ್ಲಿ ಆ ಅಕ್ಷರಗಳು ಬರೀ ಖಾಲಿ ಚೌಕ ಕಾಣುತ್ತಿದ್ದವು. ಫಾಂಟು ಹಾಕಿಕೊಂಡ ಮೇಲೆ ಮೂಡಿದವು. ಕಾಗದದ ಮೂರನೇ ಸಾಲಿನಲ್ಲಿ ಮುತ್ಯಾನ ಅಪ್ಪನ ಹೆಸರು ಸಿಕ್ಕಿತು, ಪಕ್ಕದಲ್ಲೇ ಜಾತಿ. ಅವ್ವನಿಗೆ ತೋರಿಸಿದೆ. "ಹೊಲ ಎಷ್ಟು ಬರದಾರ ನೋಡು" ಅಂದಳು. ಆಣೆಯ ಗುರುತು ಎರಡು ಗೆರೆಯೋ ಮೂರೋ, ಇನ್ನೂ ನೋಡುತ್ತಿದ್ದೇನೆ.