ಲಿಪಿಕಾರನ ಬೆನ್ನು ಮತ್ತು ಹೆಗಲು: ಹಸ್ತಪ್ರತಿಗಳ ಅಂತ್ಯಶ್ಲೋಕಗಳನ್ನು ಕುರಿತು ಒಂದು ವಿಚಾರ

ಓಲೆಗ್ರಂಥಗಳ ವರ್ಣನಾತ್ಮಕ ಸೂಚಿಯನ್ನು ಸಿದ್ಧಪಡಿಸುವವರಲ್ಲಿ ಒಂದು ಅಭ್ಯಾಸ ಬೆಳೆದುಬಂದಿದೆ. ಗ್ರಂಥದ ಆದಿಭಾಗ, ಸಂಧಿವಾಕ್ಯ, ಪ್ರಶಸ್ತಿ, ಪ್ರತಿಯ ಕಾಲ, ಬರೆಯಿಸಿದ ಶ್ರಾವಕ ಶ್ರಾವಿಕೆಯರ ಹೆಸರು, ಇವೆಲ್ಲವನ್ನೂ ಅಕ್ಷರ ಬಿಡದಂತೆ ಎತ್ತಿಕೊಂಡು, ಅನಂತರ ಬರುವ ಲಿಪಿಕಾರನ ಸ್ವಂತದ ಎರಡು ಮೂರು ಶ್ಲೋಕಗಳ ಬಳಿಗೆ ಬಂದೊಡನೆ ‘ಇತ್ಯಾದಿ’ ಎಂದು ಬರೆದು ಲೇಖನಿಯನ್ನು ಕೆಳಗಿಡುತ್ತಾರೆ. ಪ್ರಸ್ತುತ ಲೇಖಕನೂ ಇಪ್ಪತ್ತು ವರ್ಷಗಳ ಕಾಲ ಹಾಗೆಯೇ ಮಾಡಿದವನು. ಆ ‘ಇತ್ಯಾದಿ’ಯಲ್ಲಿ ಏನು ಮುಳುಗಿಹೋಗುತ್ತಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಆ ಶ್ಲೋಕಗಳು ವಿದ್ವಾಂಸರಿಗೆ ಅಪರಿಚಿತವಲ್ಲ. ಒಂದು, ಮಾತೃಪ್ರತಿಯಲ್ಲಿ ಕಂಡಂತೆ ಬರೆದಿದ್ದೇನೆ, ಶುದ್ಧವಿರಲಿ ಅಶುದ್ಧವಿರಲಿ ದೋಷ ನನ್ನದಲ್ಲವೆಂಬುದು. ಇನ್ನೊಂದು, ಎಣ್ಣೆ, ನೀರು, ಸಡಿಲಕಟ್ಟು, ಮೂರ್ಖನ ಕೈ ಇವುಗಳಿಂದ ತನ್ನನ್ನು ಕಾಪಾಡೆಂದು ಪುಸ್ತಕವೇ ಬೇಡುವುದು. ಮೂರನೆಯದೇ ನಮಗೆ ಪ್ರಕೃತವಾದುದು. ಬೆನ್ನು, ಸೊಂಟ, ಕತ್ತು ಮುರಿದು, ಮುಖವನ್ನು ಕೆಳಗೆ ಬಾಗಿಸಿ, ಕಷ್ಟದಿಂದ ಬರೆದ ಈ ಶಾಸ್ತ್ರವನ್ನು ಯತ್ನಪೂರ್ವಕವಾಗಿ ಪಾಲಿಸಬೇಕೆಂಬುದು ಅದರ ತಾತ್ಪರ್ಯ. ಗುಜರಾತ್ ರಾಜಸ್ಥಾನಗಳ ಜ್ಞಾನಭಂಡಾರಗಳ ಕಾಗದದ ಪ್ರತಿಗಳಲ್ಲಿ ಇದು ಧಾರಾಳವಾಗಿ ಸಿಕ್ಕುತ್ತದೆ. ನಮ್ಮ ಓಲೆಗ್ರಂಥಗಳಿಗೂ ಹೊಸತಲ್ಲ. ಎಲ್ಲೆಡೆ ಒಂದೇ ಬಗೆಯಾಗಿ ಬರುವುದರಿಂದಲೇ ಇದೊಂದು ಸಾಂಪ್ರದಾಯಿಕ ವಾಕ್ಯ, ಮಂಗಳದಂತೆ ಅರ್ಥವನ್ನು ಕಳೆದುಕೊಂಡ ಪಾಠ ಎಂದು ನಾವು ಭಾವಿಸಿದ್ದೇವೆ.

ಆದರೆ ಪಾಠಾಂತರಗಳನ್ನು ನೋಡಬೇಕು. ಕೆಲವು ಪ್ರತಿಗಳಲ್ಲಿ ‘ನೆಟ್ಟ ನೋಟದವನಾಗಿ’ ಎಂಬರ್ಥದ ಪದವಿದ್ದರೆ, ಬೇರೆ ಕೆಲವುಗಳಲ್ಲಿ ಅದೇ ಸ್ಥಾನದಲ್ಲಿ ‘ಬಿಗಿದ ಮುಷ್ಟಿಯವನಾಗಿ’ ಎಂಬರ್ಥದ ಪದವಿದೆ. ಕಾಗದದ ಮೇಲೆ ಮಸಿಯಿಂದ ಬರೆಯುವವನು ಬೆರಳ ತುದಿಯಲ್ಲಿ ಲೇಖನಿಯನ್ನು ಹಿಡಿಯುತ್ತಾನೆ. ಅವನ ಆಯಾಸ ಮೊದಲು ಕಣ್ಣಿಗೆ. ಓಲೆಯನ್ನು ಕೊರೆಯುವವನಾದರೋ ಕಬ್ಬಿಣದ ಕಂಟವನ್ನು ಮುಷ್ಟಿಯಲ್ಲಿ ಬಿಗಿಹಿಡಿಯಲೇಬೇಕು. ಎಡಗೈಯಲ್ಲಿ ಉದ್ದವಾದ ಗರಿಯನ್ನು ಎತ್ತಿಹಿಡಿದು, ಎಡಗೈ ಹೆಬ್ಬೆರಳನ್ನೇ ಕಂಟಕ್ಕೆ ಆನಿಕೆಯಾಗಿ ಕೊಟ್ಟು, ಬಲಗೈಯನ್ನು ಹೆಚ್ಚು ಚಲಿಸದೆ ಗರಿಯನ್ನೇ ಸ್ವಲ್ಪಸ್ವಲ್ಪವಾಗಿ ಎಡಕ್ಕೆ ಸರಿಸುತ್ತಾನೆ. ಎರಡು ಹೆಗಲುಗಳೂ ಗಂಟೆಗಟ್ಟಲೆ ಎತ್ತಿದ ಹಾಗೆಯೇ ಇರುತ್ತವೆ. ಮುಷ್ಟಿಯ ಪಾಠವು ಕಂಟದ ದೇಶದಲ್ಲಿ ಹುಟ್ಟಿದುದೆಂದು ನಾನು ಊಹಿಸುತ್ತೇನೆ. ಇದು ಊಹೆಯೇ ಸರಿ, ಸಿದ್ಧಾಂತವಲ್ಲ. ಆದರೂ ಬರೆಯುವ ಉಪಕರಣಕ್ಕೆ ತಕ್ಕಂತೆ ನೋವಿನ ಮಾತು ಬದಲಾಗುತ್ತಿದ್ದರೆ, ಆ ಮಾತನ್ನು ಬರೆದವನು ಅದನ್ನು ಅರಿತೇ ಬರೆದನೆನ್ನಬೇಕಾಗುತ್ತದೆ.

ನನಗೆ ಈ ವಿಚಾರ ಹೊಳೆದುದು ಪಾಂಡಿತ್ಯದಿಂದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶ್ರಾವಕಾಚಾರ ಗ್ರಂಥದ ಪಾಠಸಂಕಲನಕ್ಕಾಗಿ ಎರಡು ಓಲೆಪ್ರತಿಗಳನ್ನು ನೆಲದ ಮೇಲಿನ ಗಿಡ್ಡ ಮಣೆಯಲ್ಲಿಟ್ಟುಕೊಂಡು ಮಳೆಗಾಲವೆಲ್ಲ ಬಾಗಿ ಕುಳಿತಿದ್ದೆ. ಬಲ ಹೆಗಲೆಲುಬಿಗೂ ಬೆನ್ನುಹುರಿಗೂ ನಡುವೆ ಮುಳ್ಳು ನೆಟ್ಟಂತಹ ನೋವು ಆರಂಭವಾಯಿತು. ನೋವಿದ್ದ ಸ್ಥಾನಕ್ಕೆ ಎಣ್ಣೆ ತಿಕ್ಕಿಸಿದರೂ ಗುಣವಾಗಲಿಲ್ಲ. ಪರೀಕ್ಷಿಸಿದ ವೈದ್ಯರು ಬೆನ್ನನ್ನು ಬಿಟ್ಟು ಕತ್ತನ್ನು ಹಿಡಿದು ನೋಡಿದಾಗ ನನಗೆ ಆಶ್ಚರ್ಯವಾಯಿತು. ಅವರು ವಿವರಿಸಿದುದು ಹೀಗೆ. ಹೆಗಲೆಲುಬು ಬೆನ್ನಿಗೆ ಕೀಲಿನಿಂದ ಸೇರಿಕೊಂಡಿಲ್ಲ. ಎದೆಗೂಡಿಗೆ ಅದರ ಎಲುಬಿನ ಸಂಬಂಧ ಕೊರಳೆಲುಬಿನ ಮೂಲಕ ಮಾತ್ರ. ಉಳಿದಂತೆ ಅದು ತಲೆಬುರುಡೆಯ ಹಿಂಭಾಗದಿಂದಲೂ ಕತ್ತಿನಿಂದಲೂ ಬೆನ್ನಿನಿಂದಲೂ ಇಳಿದ ಸ್ನಾಯುಗಳಲ್ಲಿ ತೂಗಿಕೊಂಡಿದೆ. ಸುಮಾರು ಐದು ಕಿಲೋಗ್ರಾಂ ತೂಕದ ತಲೆ ಮುಂದಕ್ಕೆ ಬಾಗಿದಂತೆಲ್ಲ ಆ ಸ್ನಾಯುಗಳು ಅದನ್ನು ಹಿಂದಿನಿಂದ ಎಳೆದು ಹಿಡಿಯಬೇಕು. ಚಲಿಸದೆ ಬಹುಕಾಲ ಬಿಗಿದುಕೊಂಡಿರುವ ಸ್ನಾಯುವಿಗೆ ರಕ್ತಸಂಚಾರ ಸಾಲದೆ ಅದು ದಣಿಯುತ್ತದೆ. ಇನ್ನು ಹೆಗಲೆಲುಬುಗಳ ನಡುವಿನ ನೋವಿನ ಮೂಲ ಅನೇಕ ಸಲ ಕತ್ತಿನ ಕೀಲುಗಳಲ್ಲೋ ನರಗಳಲ್ಲೋ ಇರುತ್ತದೆ. ಮನೆಗೆ ಬಂದು ಹಳೆಯ ಶ್ಲೋಕವನ್ನು ನೆನೆದುಕೊಂಡೆ. ಬೆನ್ನು, ಸೊಂಟ, ಕತ್ತು ಇವನ್ನು ಒಂದೇ ಸಮಾಸದಲ್ಲಿ ಕಟ್ಟಿದವನಿಗೆ ಶರೀರವು ಯಾವ ಪಾಠವನ್ನು ಹೇಳಿಕೊಟ್ಟಿತ್ತೋ ಅದನ್ನೇ ವೈದ್ಯರು ನನಗೆ ಹೇಳಿದ್ದರು.

ಶಾಸ್ತ್ರಕಾರರು ಈ ವ್ಯಾಧಿಯನ್ನು ಗಮನಿಸದೆ ಇಲ್ಲ. ಸುಶ್ರುತಸಂಹಿತೆಯು ಬೆನ್ನಿನ ಹದಿನಾಲ್ಕು ಮರ್ಮಗಳಲ್ಲಿ ಅಂಸಫಲಕ ಮತ್ತು ಅಂಸಗಳನ್ನು ಎಣಿಸಿ, ಮೊದಲನೆಯದಕ್ಕೆ ಪೆಟ್ಟಾದರೆ ತೋಳು ಜೋಮು ಹಿಡಿಯುವುದು ಅಥವಾ ಒಣಗುವುದು, ಎರಡನೆಯದಕ್ಕಾದರೆ ತೋಳು ಸ್ತಬ್ಧವಾಗುವುದು ಎನ್ನುತ್ತದೆ. ಹೆಗಲಲ್ಲಿ ನೆಲೆಗೊಂಡ ವಾತವು ಅಲ್ಲಿಯ ಬಂಧನಗಳನ್ನು ಒಣಗಿಸಿ ಸಿರೆಗಳನ್ನು ಸಂಕೋಚಗೊಳಿಸಿದಾಗ ಅವಬಾಹುಕ, ಕತ್ತು ಸೆಟೆದಾಗ ಮನ್ಯಾಸ್ತಂಭ. ಅಭ್ಯಂಗ, ಸ್ವೇದ, ನಸ್ಯಗಳು ಚಿಕಿತ್ಸೆ. ನಮ್ಮ ಉಗ್ರಾದಿತ್ಯಾಚಾರ್ಯರು ಒಂಬತ್ತನೆಯ ಶತಮಾನದ ತಮ್ಮ ಕಲ್ಯಾಣಕಾರಕದಲ್ಲಿ ವಾತರೋಗಗಳಿಗೆ ಸ್ನೇಹಸ್ವೇದಗಳನ್ನು ಹೇಳುವಾಗ, ಇತರ ಸಂಹಿತೆಗಳು ಧಾರಾಳವಾಗಿ ವಿಧಿಸುವ ಮಾಂಸರಸ, ಮಧು, ಮದ್ಯಗಳನ್ನು ಕೈಬಿಟ್ಟಿರುವುದು ವಾಚಕರಿಗೆ ತಿಳಿದೇ ಇದೆ. ಆದರೆ ಇವರಾರೂ ಬರವಣಿಗೆಯನ್ನೇ ಮೂಲವಾಗಿಟ್ಟುಕೊಂಡು ಒಂದು ಅಧ್ಯಾಯವನ್ನು ಬರೆದಂತಿಲ್ಲ. ಆ ಕೆಲಸವನ್ನು ಮಾಡಿದವನು ಇಟಲಿಯ ವೈದ್ಯ ಬರ್ನಾರ್ದಿನೋ ರಾಮತ್ಸಿನಿ. ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿದ ಗ್ರಂಥದ 1713ರ ಆವೃತ್ತಿಯಲ್ಲಿ ಅವನು ಲಿಪಿಕಾರರ ವಿಷಯವನ್ನು ಸೇರಿಸಿದನು. ಎಡೆಬಿಡದ ಕುಳಿತಿರುವಿಕೆ, ಕೈಯ ಒಂದೇ ದಿಕ್ಕಿನ ನಿರಂತರ ಚಲನೆ, ತಪ್ಪಾಗದಿರಲೆಂಬ ಮನಸ್ಸಿನ ಬಿಗಿತ ಈ ಮೂರನ್ನು ಕಾರಣವಾಗಿ ಹೇಳಿದನು. ಮೂರನೆಯದನ್ನು ಗುರುತಿಸಿದುದು ಅವನ ವಿಶೇಷ. ಬಲಗೈ ಸೋತ ಮೇಲೆ ಎಡಗೈಯಲ್ಲಿ ಬರೆಯಲು ಕಲಿತು, ಕೊನೆಗೆ ಅದನ್ನೂ ಕಳೆದುಕೊಂಡ ಒಬ್ಬ ಲಿಪಿಕಾರನ ವೃತ್ತಾಂತವೂ ಅಲ್ಲಿದೆ.

ಶ್ರಮದ ಪರಿಮಾಣವನ್ನು ತಿಳಿಯಲು ಮೂಡುಬಿದಿರೆಯ ಸಿದ್ಧಾಂತಗ್ರಂಥಗಳಿಗಿಂತ ಬೇರೆ ಉದಾಹರಣೆ ಬೇಕಿಲ್ಲ. ವೀರಸೇನಾಚಾರ್ಯರ ಧವಳಾ ಟೀಕೆಯ ಪ್ರಮಾಣ 72,000 ಗ್ರಂಥ. ಅವರು ಆರಂಭಿಸಿ ಜಿನಸೇನಾಚಾರ್ಯರು ಮುಗಿಸಿದ ಜಯಧವಳೆಯದು 60,000. ಒಂದು ಗ್ರಂಥಕ್ಕೆ 32 ಅಕ್ಷರಗಳ ಲೆಕ್ಕದಲ್ಲಿ ಮೊದಲನೆಯದು 23,04,000 ಅಕ್ಷರ, ಎರಡನೆಯದು 19,20,000 ಅಕ್ಷರ. ಒಟ್ಟು ನಲವತ್ತೆರಡು ಲಕ್ಷಕ್ಕೂ ಮೀರುತ್ತದೆ. ಪ್ರತಿಗಳ ಕೊನೆಯಲ್ಲಿ ಗ್ರಂಥಾಗ್ರವನ್ನು ನಮೂದಿಸುವ ಸಂಪ್ರದಾಯಕ್ಕೆ ಲಿಪಿಕಾರನ ಸಂಬಳದ ಲೆಕ್ಕವೂ ಒಂದು ಕಾರಣವೆಂಬುದನ್ನು ಮರೆಯಬಾರದು. ಅಕ್ಷರಕ್ಕೆ ಕೂಲಿಯಿತ್ತು, ಬೆನ್ನಿಗಿರಲಿಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಆ ಸಾವಿರವನ್ನು ಬರೆದ ಕೈಗಳಲ್ಲಿ ಒಂದರ ಹೆಸರನ್ನಾದರೂ ನಾವು ಹೇಳಲಾರೆವು.

ಸಿದ್ಧಾಂತಗ್ರಂಥಗಳ ಆಧುನಿಕ ಪ್ರತಿಲಿಪಿಯ ಕಥೆಯಲ್ಲಿ ಮಾತ್ರ ಹೆಸರುಗಳು ಉಳಿದಿವೆ. 1896ರಲ್ಲಿ ಆರಂಭವಾದ ಕಾರ್ಯ ಮುಗಿದುದು 1922ರಲ್ಲಿ, ಇಪ್ಪತ್ತಾರು ವರ್ಷಗಳ ಮೇಲೆ. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮಿರಜಿನ ಗಜಪತಿ ಉಪಾಧ್ಯಾಯರು ನಾಗರಿಯಲ್ಲಿ ಬರೆಯತೊಡಗಿದರು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಗಜಪತಿ ಉಪಾಧ್ಯಾಯರು ಹಗಲಿನ ನಾಗರಿ ಪ್ರತಿಯಲ್ಲದೆ ಗುಟ್ಟಾಗಿ ಒಂದು ಕನ್ನಡ ಪ್ರತಿಯನ್ನೂ ಸಿದ್ಧಪಡಿಸಿದರೆಂಬುದೂ, ಅದರಲ್ಲಿ ಪತ್ನಿ ಲಕ್ಷ್ಮೀಬಾಯಿಯವರು ನೆರವಾದರೆಂಬುದೂ ಪ್ರಸಿದ್ಧ. ಆ ಗುಟ್ಟಿನ ಔಚಿತ್ಯವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಒಂದೇ ದೇಹ ಒಂದೇ ದಿನ ಎರಡು ಪಾಳಿ ಬಾಗಿತೆಂಬುದನ್ನು ಯಾರೂ ಚರ್ಚಿಸಿಲ್ಲ. ಸಹಾರನಪುರಕ್ಕೆ ಹೋದ ಆ ಕನ್ನಡ ಪ್ರತಿಯನ್ನು 1916ರಿಂದ 1923ರವರೆಗೆ ನಾಗರಿಗಿಳಿಸುವಾಗ ವಿಜಯಚಂದ್ರಯ್ಯನವರು ಓದುತ್ತ ಹೋದರು, ಸೀತಾರಾಮ ಶಾಸ್ತ್ರಿಗಳು ಬರೆಯುತ್ತ ಹೋದರು. ಈ ಬಗೆಯ ಪ್ರತಿಗಳಿಂದ ಹೊರಟ ಧಾರೆಯೇ 1939ರಲ್ಲಿ ಹೀರಾಲಾಲ ಜೈನರ ಸಂಪಾದನೆಯ ಮೊದಲ ಸಂಪುಟವಾಗಿ ಅಮರಾವತಿಯಿಂದ ಹೊರಬಂದಿತು.

ಇಲ್ಲಿ ಪಾಠಪರಿಷ್ಕರಣಕ್ಕೆ ಉಪಯುಕ್ತವಾದ ಒಂದು ಅಂಶವಿದೆ. ಒಬ್ಬನೇ ನೋಡಿ ಬರೆಯುವಾಗ ಕತ್ತು ಮಾತೃಪ್ರತಿಗೂ ತನ್ನ ಹಾಳೆಗೂ ಕ್ಷಣಕ್ಷಣಕ್ಕೂ ತಿರುಗಬೇಕು. ಮರಳಿ ಬಂದ ಕಣ್ಣು ಅದೇ ಪದವಿರುವ ಕೆಳಗಿನ ಸಾಲಿಗೆ ಇಳಿದರೆ ನಡುವಿನ ಪಾಠ ಲೋಪವಾಗುತ್ತದೆ. ಒಬ್ಬನು ಓದಿ ಮತ್ತೊಬ್ಬನು ಬರೆದರೆ ಕತ್ತಿಗೆ ಆ ತಿರುಗಾಟವಿಲ್ಲ. ಆದರೆ ಸ-ಶ, ಲ-ಳ, ಹ್ರಸ್ವ-ದೀರ್ಘಗಳ ಶ್ರವಣದೋಷ ನುಸುಳುತ್ತದೆ. ದೋಷದ ಜಾತಿಯಿಂದ ಬರೆದವನು ಹೇಗೆ ಕುಳಿತಿದ್ದನೆಂಬುದನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು.

ಮೇಲೆ ಹೇಳಿದ ಶ್ರಾವಕಾಚಾರದ ಒಂದು ಪ್ರತಿಯ ವಿಷಯದಲ್ಲಿ ನಾನು ಹಿಂದೆ ಒಂದು ಟಿಪ್ಪಣಿ ಬರೆದು, ಅದರ ಲಿಪಿಕಾರನನ್ನು ‘ಆಲಸಿ, ಶಾಸ್ತ್ರಜ್ಞಾನಶೂನ್ಯ’ ಎಂದು ಕರೆದಿದ್ದೆ. ಹೆಗಲು ನೋವಿನ ದಿನಗಳಲ್ಲಿ ಹೆಚ್ಚು ಹೊತ್ತು ಓದಲಾಗದೆ, ಬೆಳಕನ್ನು ಓರೆಯಾಗಿ ಬೀಳಿಸಿ ಗರಿಗಳ ಮೇಲಿನ ಗೀರುಗಳನ್ನಷ್ಟೇ ನೋಡುತ್ತಿದ್ದೆ. ಕೆಲವು ಗರಿಗಳಲ್ಲಿ ಗೀರು ಆಳವಾಗಿ, ಸಾಲು ನೇರವಾಗಿದೆ. ಮುಂದುವರಿದಂತೆ ಗೀರು ತೆಳುವಾಗಿ, ಅಕ್ಷರ ದೊಡ್ಡದಾಗಿ, ಸಾಲು ಬಲತುದಿಯಲ್ಲಿ ಕೆಳಗಿಳಿಯುತ್ತದೆ. ಮತ್ತೆ ಒಮ್ಮೆಲೇ ಆಳವಾದ ಗೀರು ತೊಡಗುತ್ತದೆ. ಅಲ್ಲಿ ಅವನು ಎದ್ದುಹೋಗಿ ಮರಳಿ ಕುಳಿತನೆಂದು ನನ್ನ ತೀರ್ಮಾನ. ನಾನು ಗುರುತಿಸಿದ್ದ ಲೋಪಗಳಲ್ಲಿ ಬಹುಪಾಲು ಗೀರು ತೆಳುವಾದ ಗರಿಗಳಲ್ಲಿದ್ದವು. ಆಳವಾದ ಗರಿಗಳಲ್ಲಿ ಅವನ ಪಾಠ ಇನ್ನೊಂದು ಪ್ರತಿಗಿಂತ ಶುದ್ಧವಾಗಿತ್ತು. ಅಲ್ಲಿ ನಾನು ಅವನ ಪಾಠವನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ. ಎರಡು ಸ್ಥಳಗಳಲ್ಲಿ ಈಗ ಅದನ್ನು ಮೂಲಕ್ಕೆ ತಂದಿದ್ದೇನೆ. ಅವನು ಅಜ್ಞನಲ್ಲ, ದಣಿದವನು. ಒಂದೇ ಪ್ರತಿಯಿಂದ ನಿಯಮವನ್ನು ಕಟ್ಟಲಾಗದು. ಕಂಟ ಮೊಂಡಾದರೂ ಗೀರು ತೆಳುವಾಗಬಹುದೆಂಬ ಆಕ್ಷೇಪವೂ ನ್ಯಾಯವೇ. ಆದರೆ ಮೊಂಡು ಕಂಟದಿಂದ ಸಾಲು ಕೆಳಗಿಳಿಯಲು ಕಾರಣವಿಲ್ಲ.

ಪರಿಹಾರವಾಗಿ ಅವನಿಗೆ ಏನಿತ್ತು? ಬಿಸಿನೀರು, ಎಣ್ಣೆ, ಮರಳಿನ ಗಂಟಿನ ಶಾಖ. ಎಣ್ಣೆಯಿಂದ ಕಾಪಾಡೆಂದು ಬೇಡುವ ಪುಸ್ತಕವನ್ನು ಬರೆಯುವವನಿಗೆ ಎಣ್ಣೆಯೇ ಮದ್ದು. (ಓಲೆಗೆ ನಾವು ಲೇಪಿಸುವ ಮಜ್ಜಿಗೆಹುಲ್ಲಿನ ಎಣ್ಣೆಯ ವಿಷಯ ಬೇರೆ.) ಇದಲ್ಲದೆ, ಹೊತ್ತುಹೊತ್ತಿಗೆ ಸಾಮಾಯಿಕಕ್ಕೆ ಏಳುತ್ತಿದ್ದ ಶ್ರಾವಕ ಲಿಪಿಕಾರನು ಕಾಯೋತ್ಸರ್ಗದಲ್ಲಿ ತೋಳುಗಳನ್ನು ಇಳಿಬಿಟ್ಟು ನೆಟ್ಟಗೆ ನಿಲ್ಲುತ್ತಿದ್ದನು. ಕಾಯೋತ್ಸರ್ಗವನ್ನು ವ್ಯಾಯಾಮವೆಂದು ಕರೆಯುವುದು ಅವಿವೇಕ. ಕಾಯದ ಮಮತೆಯನ್ನು ಬಿಡುವುದೇ ಅದರ ಅರ್ಥ. ಆದರೂ ಬಾಗಿದ ಬೆನ್ನು ಆ ಹೊತ್ತಿನಲ್ಲಿ ನೇರವಾಗುತ್ತಿತ್ತೆಂಬುದು ಸುಳ್ಳಲ್ಲ. ಇನ್ನು ಓದುವವನಿಗೆ ಠವಣೆಕೋಲು ಇತ್ತು. ನಿಷಿಧಿಗಲ್ಲುಗಳಲ್ಲಿ ಅದನ್ನು ಮುಂದಿಟ್ಟುಕೊಂಡು ಬೋಧಿಸುವ ಆಚಾರ್ಯರನ್ನು ನೋಡಿರಿ: ಪುಸ್ತಕವು ಮೇಲೇರಿದೆ, ಕತ್ತು ಬಾಗಿಲ್ಲ. ಕೊರೆಯುವವನಿಗೆ ಆ ಸೌಕರ್ಯ ಒದಗದು.

ನಮಗೆ ಒದಗುತ್ತದೆ. ನಾನು ಈಗ ಪ್ರತಿಯನ್ನಾಗಲಿ ಅದರ ಛಾಯಾಚಿತ್ರವನ್ನು ತೋರಿಸುವ ಗಣಕಯಂತ್ರದ ಪರದೆಯನ್ನಾಗಲಿ ಕಣ್ಣಿನ ಮಟ್ಟಕ್ಕೆ ಏರಿಸಿಟ್ಟು, ಮೊಳಕೈಗೆ ಆಸರೆ ಕೊಟ್ಟು, ಅರ್ಧ ಗಂಟೆಗೊಮ್ಮೆ ಎದ್ದು ಹೆಗಲನ್ನು ಹಿಂದಕ್ಕೆ ತಿರುಗಿಸಿ ನಡೆದು ಬರುತ್ತೇನೆ. ಇದೇ ಸರಿಯಾದ ಭಂಗಿ ಎಂದು ಒಂದನ್ನೇ ಹಿಡಿದು ಕೂರುವುದಕ್ಕಿಂತ ಭಂಗಿಯನ್ನು ಬದಲಿಸುತ್ತಿರುವುದೇ ಮುಖ್ಯವೆಂದೂ, ಹಾಸಿಗೆ ಹಿಡಿದು ಮಲಗಬಾರದೆಂದೂ, ಬೆನ್ನು ಹೆಗಲುಗಳ ಸ್ನಾಯುಗಳನ್ನು ಮೆಲ್ಲಮೆಲ್ಲನೆ ಬಲಪಡಿಸಬೇಕೆಂದೂ ವೈದ್ಯರ ಮತ. ಸಾಮಾನ್ಯವಾದ ನೋವು ಕೆಲವು ವಾರಗಳಲ್ಲಿ ತಗ್ಗುತ್ತದೆ. ನನ್ನದು ಎರಡು ತಿಂಗಳು ತೆಗೆದುಕೊಂಡಿತು. ಆದರೆ ತೋಳಿನಲ್ಲಿ ಜೋಮು ಅಥವಾ ಬಲಹೀನತೆ, ನಡಿಗೆಯಲ್ಲಿ ತಡವರಿಕೆ, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಪೆಟ್ಟು ಇವುಗಳೊಡನೆ ಬಂದ ನೋವನ್ನು ಎಣ್ಣೆಯಿಂದ ತೀಡುತ್ತ ಕೂರಬಾರದು. ಎದೆಯ ಬಿಗಿತ, ಬೆವರು, ಉಸಿರಾಟದ ತೊಂದರೆಗಳೊಡನೆ ಹೆಗಲಿಗೆ ಹರಡುವ ನೋವು ಹೃದಯದ್ದಾಗಿರಬಹುದು; ಆಗ ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗಬೇಕು. ಭಂಡಾರಗಳಲ್ಲಿ ಒಬ್ಬರೇ ಕುಳಿತು ದುಡಿಯುವ ಹಿರಿಯ ಪಂಡಿತರನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ಸೂಚಿಕಾರರಲ್ಲಿ ಒಂದು ಬಿನ್ನಹ. ತಮ್ಮ ತಮ್ಮ ಭಂಡಾರಗಳ ಪ್ರತಿಗಳಲ್ಲಿ ಈ ನೋವಿನ ಶ್ಲೋಕವಿದ್ದರೆ ಅದನ್ನು ಪೂರ್ಣವಾಗಿ ಎತ್ತಿ ಬರೆಯಬೇಕು. ನೋಟದ ಪಾಠವೋ ಮುಷ್ಟಿಯ ಪಾಠವೋ, ಪ್ರತಿ ಓಲೆಯದೋ ಕಾಗದದ್ದೋ, ಗೀರಿನ ಆಳ ಎಲ್ಲಿ ಬದಲಾಗುತ್ತದೆ ಎಂಬುದನ್ನು ಗರಿಯ ಸಂಖ್ಯೆಯೊಡನೆ ನಮೂದಿಸಬೇಕು. ಮುಷ್ಟಿಯ ಪಾಠವು ಕಾಗದದ ಪ್ರತಿಗಳಲ್ಲಿಯೇ ಹೆಚ್ಚಾಗಿ ದೊರೆತರೆ ನನ್ನ ಊಹೆ ಬಿದ್ದುಹೋಗುತ್ತದೆ. ಅಂತಹ ಪ್ರತಿಗಳ ವಿವರವನ್ನು ಈ ಪತ್ರಿಕೆಗೆ ಕಳುಹಿಸಿಕೊಟ್ಟವರಿಗೆ ನಾನು ಋಣಿಯಾಗಿರುವೆನು.